ವಿದ್ಯುತ್ ವಾಹನದ ದಾರಿಬುತ್ತಿ

ನಮ್ಮ ಪಟ್ಟಣಗಳ ಬೀದಿಗಳಲ್ಲಿ ಹಸಿರು ಫಲಕ ಹೊತ್ತ ವಾಹನಗಳು ಈಗ ಅಪರೂಪದ ನೋಟವಲ್ಲ. ಹೊಗೆಯಿಲ್ಲ, ಗದ್ದಲವಿಲ್ಲ, ಹತ್ತಿರ ಬರುವ ತನಕ ಬಂದದ್ದೇ ತಿಳಿಯುವುದಿಲ್ಲ. ಶಾಲೆಗೆ ಹೋಗುವ ಉಪಾಧ್ಯಾಯಿನಿಯರು, ಕಚೇರಿಯ ಗುಮಾಸ್ತರು, ಮನೆಬಾಗಿಲಿಗೆ ಊಟ ತಲುಪಿಸುವ ಹುಡುಗರು, ಹೀಗೆ ಅನೇಕರು ವಿದ್ಯುತ್ ಸ್ಕೂಟರನ್ನು ನೆಚ್ಚಿಕೊಂಡಿದ್ದಾರೆ. ವಾಹನದ ವಿಷಯವಾಗಿ ಮಾತು ಸಾಕಷ್ಟು ನಡೆದಿದೆ. ಬೆಲೆ ಎಷ್ಟು, ಓಟ ಎಷ್ಟು, ಬ್ಯಾಟರಿ ಎಷ್ಟು ವರ್ಷ ಬಾಳೀತು ಎಂದು ಮನೆಮನೆಯಲ್ಲಿಯೂ ವಿಚಾರಿಸುತ್ತಾರೆ. ಆದರೆ ಆ ವಾಹನ ಎಲ್ಲಿ ಉಣ್ಣಬೇಕು, ಉಣಿಸುವವರು ಯಾರು, ಉಣಿಸುವ ಖರ್ಚು ಯಾರ ತಲೆಯ ಮೇಲೆ ಬೀಳಬೇಕು ಎಂಬ ಮಾತು ಅಷ್ಟಾಗಿ ನಡೆದಿಲ್ಲ. ಇಂದು ನಿಮ್ಮೊಡನೆ ವಿಚಾರಮಾಡಬೇಕೆಂದಿರುವುದು ಈ ದಾರಿಬುತ್ತಿಯ ವಿಷಯವನ್ನು.

ಹಿಂದಿನ ಕಾಲದಲ್ಲಿ ದಾರಿ ಎಂದರೆ ಬರಿಯ ಮಣ್ಣಿನ ಪಟ್ಟಿಯಾಗಿರಲಿಲ್ಲ. ಇಕ್ಕೆಲದಲ್ಲಿ ಸಾಲುಮರ, ಬಾಯಾರಿದವರಿಗೆ ಅರವಟ್ಟಿಗೆ, ಇರುಳು ತಂಗುವುದಕ್ಕೆ ಛತ್ರ, ಎತ್ತುಗಳಿಗೆ ನೀರಿನ ತೊಟ್ಟಿ, ಇವೆಲ್ಲ ಕೂಡಿಯೇ ದಾರಿ ಎನಿಸಿಕೊಳ್ಳುತ್ತಿತ್ತು. ಮೋಟಾರು ಬಂದ ಮೇಲೆ ಪೆಟ್ರೋಲ್ ಬಂಕು ಆ ಸಾಲಿಗೆ ಸೇರಿತು. ವಿದ್ಯುತ್ ವಾಹನಕ್ಕೂ ಅದರದೇ ಆದ ಅರವಟ್ಟಿಗೆಗಳು ಬೇಕು. ಆದರೆ ಒಂದು ವ್ಯತ್ಯಾಸವುಂಟು. ಪೆಟ್ರೋಲನ್ನು ಟ್ಯಾಂಕರಿನಲ್ಲಿ ತುಂಬಿ ಎಲ್ಲಿಗೆ ಬೇಕಾದರೂ ಒಯ್ದು ನೆಲದೊಳಗಿನ ತೊಟ್ಟಿಯಲ್ಲಿ ಇಳಿಸಿ, ವಾರವಿಡೀ ಮಾರಬಹುದು. ವಿದ್ಯುತ್ತಿಗಾದರೋ ಹಿಂದೆ ತಂತಿ ಬೇಕು. ಆ ತಂತಿಯ ಹಿಂದೆ ಟ್ರಾನ್ಸ್‌ಫಾರ್ಮರ್ ಬೇಕು. ಅದರ ಹಿಂದೆ ಸಬ್‌ಸ್ಟೇಷನ್ ಬೇಕು. ಚಾರ್ಜು ಮಾಡುವ ಕಂಬ ನಮ್ಮ ಕಣ್ಣಿಗೆ ಕಾಣುತ್ತದೆ, ಅದರ ಹಿಂದಿನದು ಕಾಣುವುದಿಲ್ಲ. ಕಷ್ಟಗಳೆಲ್ಲ ಹೆಚ್ಚಾಗಿ ಹುಟ್ಟುವುದು ಈ ಕಾಣದ ಭಾಗದಲ್ಲಿ.

ಈ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ನಾಡೇನೂ ಅಲ್ಲ. ರೇವಾ ಎಂಬ ಪುಟ್ಟ ವಿದ್ಯುತ್ ಕಾರು ಬೆಂಗಳೂರಿನಲ್ಲಿಯೇ ತಯಾರಾಗಿ ೨೦೦೧ರಲ್ಲಿ ಮಾರುಕಟ್ಟೆಗೆ ಬಂತು. ವಿದ್ಯುತ್ ವಾಹನಗಳಿಗಾಗಿಯೇ ಒಂದು ನೀತಿಯನ್ನು ದೇಶದಲ್ಲಿ ಮೊದಲು ಹೊರಡಿಸಿದ ರಾಜ್ಯವೂ ನಮ್ಮದೇ, ಅದು ೨೦೧೭ರಲ್ಲಿ. ಮಾರನೆಯ ವರ್ಷ ಬೆಸ್ಕಾಂ ಸಂಸ್ಥೆಯು ಬೆಂಗಳೂರಿನ ಕೆ.ಆರ್. ವೃತ್ತದಲ್ಲಿರುವ ತನ್ನ ಕಚೇರಿಯ ಆವರಣದಲ್ಲಿ ಚಾರ್ಜಿಂಗ್ ಕೇಂದ್ರವನ್ನು ತೆರೆಯಿತು. ಅದೇ ೨೦೧೮ರ ಏಪ್ರಿಲಿನಲ್ಲಿ ಕೇಂದ್ರದ ವಿದ್ಯುತ್ ಮಂತ್ರಾಲಯವು, ವಾಹನಕ್ಕೆ ಚಾರ್ಜು ಮಾಡಿಕೊಡುವುದು ಒಂದು ಸೇವೆಯೇ ಹೊರತು ವಿದ್ಯುತ್ತಿನ ಮಾರಾಟವಲ್ಲ, ಆದ್ದರಿಂದ ಅದಕ್ಕೆ ಲೈಸೆನ್ಸ್ ಬೇಕಿಲ್ಲ ಎಂದು ಸ್ಪಷ್ಟಪಡಿಸಿತು. ಡಿಸೆಂಬರಿನಲ್ಲಿ ಬಂದ ಮಾರ್ಗಸೂಚಿಯು ನಗರಗಳಲ್ಲಿ ೩ ಕಿಲೋಮೀಟರ್ ಉದ್ದ, ೩ ಕಿಲೋಮೀಟರ್ ಅಗಲದ ಪ್ರತಿ ಚೌಕಕ್ಕೊಂದು ಕೇಂದ್ರ ಇರಬೇಕೆಂದೂ, ಹೆದ್ದಾರಿಗಳ ಎರಡು ಪಕ್ಕದಲ್ಲಿಯೂ ೨೫ ಕಿಲೋಮೀಟರಿಗೊಂದು ಇರಬೇಕೆಂದೂ ಗುರಿ ಹಾಕಿತು. ೨೦೨೪ರ ಕೊನೆಯ ಹೊತ್ತಿಗೆ ಕರ್ನಾಟಕದ ಸಾರ್ವಜನಿಕ ಕೇಂದ್ರಗಳು ಐದು ಸಾವಿರವನ್ನು ಮೀರಿ, ರಾಜ್ಯಗಳಲ್ಲೆಲ್ಲ ಮೊದಲ ಸ್ಥಾನಕ್ಕೆ ಬಂದವು.

ಲೆಕ್ಕ ನೋಡಿದರೆ ಸಂತೋಷವೇ. ಆದರೆ ನಕ್ಷೆಯನ್ನು ಬಿಡಿಸಿ ನೋಡಿದರೆ ಸಂತೋಷ ಸ್ವಲ್ಪ ಕುಗ್ಗುತ್ತದೆ. ಆ ಐದು ಸಾವಿರದಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇವೆ. ಉಳಿದದ್ದನ್ನು ಬೀದರಿನಿಂದ ಚಾಮರಾಜನಗರದವರೆಗೆ, ಕಾರವಾರದಿಂದ ಕೋಲಾರದವರೆಗೆ ಹಂಚಿಕೊಳ್ಳಬೇಕು. ಇದು ಯಾರದೋ ಪಕ್ಷಪಾತದಿಂದ ಆದದ್ದು ಎನ್ನುವಂತಿಲ್ಲ, ಇದಕ್ಕೆ ಕಾರಣಗಳುಂಟು. ಅವನ್ನು ತಿಳಿದುಕೊಳ್ಳಬೇಕಾದರೆ ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ. ಲೆಕ್ಕವೆಂದರೆ ಬೇಸರಪಡಬೇಡಿ, ನಿಮ್ಮ ಮನೆಯ ಕರೆಂಟು ಬಿಲ್ಲನ್ನು ಓದಬಲ್ಲವರಿಗೆ ಇದು ಕಷ್ಟವಲ್ಲ.

ಒಂದು ಕಿಲೋವಾಟ್ ಶಕ್ತಿಯ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್ ಖರ್ಚಾಯಿತು. ಸಾಧಾರಣವಾದ ವಿದ್ಯುತ್ ಸ್ಕೂಟರಿನ ಬ್ಯಾಟರಿ ಮೂರು ಯೂನಿಟ್ಟಿನಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ಹೆಚ್ಚುಕಡಿಮೆ ೧೦೦ ಕಿಲೋಮೀಟರ್ ಓಡುತ್ತದೆ. ಅದು ಸುಮಾರು ೭೦೦ ವಾಟ್ ಎಳೆದುಕೊಳ್ಳುತ್ತದೆ ಎನ್ನೋಣ. ಹೆಚ್ಚೆಂದರೆ ಒಂದು ಮಿಕ್ಸಿಯ ಭಾರ. ಗೋಡೆಯ ಸಾಮಾನ್ಯ ಸಾಕೆಟ್ಟಿಗೆ ಸಿಕ್ಕಿಸಿ ನಾಲ್ಕೈದು ಗಂಟೆ ಬಿಟ್ಟರೆ ತುಂಬಿಕೊಳ್ಳುತ್ತದೆ. ಸಣ್ಣ ಕಾರಿನ ಬ್ಯಾಟರಿ ೩೦ ಯೂನಿಟ್ ಹಿಡಿಯುವಂಥದೆಂದು ಇಟ್ಟುಕೊಳ್ಳಿ. ಯೂನಿಟ್ಟಿಗೆ ಆರೇಳು ಕಿಲೋಮೀಟರಿನಂತೆ ೨೦೦ ಕಿಲೋಮೀಟರಿಗೆ ಹತ್ತಿರ ಬರುತ್ತದೆ. ಗೀಸರಿಗೆ ಹಾಕಿಸುವಂಥ ೧೫ ಆಂಪಿಯರ್ ಸಾಕೆಟ್ಟಿನಿಂದ ಅದಕ್ಕೆ ಸುಮಾರು ೩.೩ ಕಿಲೋವಾಟ್ ಸಿಗುತ್ತದೆ. ಎಂದರೆ ಪೂರ್ತಿ ತುಂಬಲು ಒಂಬತ್ತು ಹತ್ತು ಗಂಟೆ. ರಾತ್ರಿ ಊಟವಾದ ಮೇಲೆ ಸಿಕ್ಕಿಸಿ, ಬೆಳಿಗ್ಗೆ ಕಾಫಿಯ ಹೊತ್ತಿಗೆ ಬಿಡಿಸಬಹುದು. ಇಲ್ಲಿಯವರೆಗೆ ಯಾವ ತೊಡಕೂ ಇಲ್ಲ.

ತೊಡಕು ಬರುವುದು ದಾರಿಯ ಮೇಲೆ. ದಾರಿಹೋಕ ಒಂಬತ್ತು ಗಂಟೆ ಕಾಯಲಾರ. ಅರ್ಧ ಗಂಟೆಯಲ್ಲಿ ಕೆಲಸವಾಗಬೇಕು. ಅರ್ಧ ಗಂಟೆಯಲ್ಲಿ ೩೦ ಯೂನಿಟ್ ತುಂಬಬೇಕಾದರೆ ೬೦ ಕಿಲೋವಾಟ್ ಯಂತ್ರ ಬೇಕು. ಕಾರು ಆ ವೇಗವನ್ನು ತಾಳುವಂಥದೂ ಆಗಿರಬೇಕು. ಬ್ಯಾಟರಿ ನೂರಕ್ಕೆ ೮೦ರಷ್ಟು ತುಂಬಿದ ಮೇಲೆ, ಕೊಡ ತುಂಬುತ್ತ ಬಂದಾಗ ನಾವು ನಲ್ಲಿಯನ್ನು ಸಣ್ಣಗೆ ಮಾಡುವಂತೆ, ಅದು ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ. ಅದಿರಲಿ, ೬೦ ಕಿಲೋವಾಟ್ ಎಂದರೆ ಎಷ್ಟು? ನಮ್ಮಲ್ಲಿ ಸಾಧಾರಣ ಮನೆಯೊಂದಕ್ಕೆ ಮಂಜೂರಾಗುವ ಭಾರ ಎರಡು ಮೂರು ಕಿಲೋವಾಟ್. ಆದ್ದರಿಂದ ಒಂದೇ ಒಂದು ಕಾರು ಆ ಕಂಬದ ಬಳಿ ನಿಂತಿತೆಂದರೆ, ಇಪ್ಪತ್ತು ಮೂವತ್ತು ಮನೆಗಳ ಒಂದು ಬೀದಿಯೇ ಹೊಸದಾಗಿ ಎದ್ದು ನಿಂತಂತೆ. ಸಣ್ಣ ಊರುಗಳಲ್ಲಿ ರಸ್ತೆಯ ಮೂಲೆಗೆ ನಿಂತಿರುವ ಟ್ರಾನ್ಸ್‌ಫಾರ್ಮರು, ಹಳ್ಳಿಯವರು ಟೀಸಿ ಎನ್ನುವುದು, ಸಾಮಾನ್ಯವಾಗಿ ೬೩ ಅಥವಾ ೧೦೦ ಕೆ.ವಿ.ಎ. ಶಕ್ತಿಯದು. ಅದರ ಮೇಲೆ ಆಗಲೇ ಮನೆಗಳು, ಅಂಗಡಿಗಳು, ಹಿಟ್ಟಿನ ಗಿರಣಿ ಎಲ್ಲ ಕುಳಿತಿವೆ. ಇಂಥ ಯಂತ್ರ ಎರಡನ್ನು ತಂದು ಅದಕ್ಕೆ ಕಟ್ಟಿದರೆ, ಬೇರೆ ಯಾರಿಗೂ ಕರೆಂಟು ಕೊಡದಿದ್ದರೂ ಅದು ತಡೆಯಲಾರದು.

ಆದಕಾರಣ ವೇಗದ ಚಾರ್ಜಿಂಗ್ ಕೇಂದ್ರಕ್ಕೆ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಹಲವು ಕಡೆ ೧೧ ಸಾವಿರ ವೋಲ್ಟಿನ ಲೈನನ್ನೂ ಎಳೆದು ತರಬೇಕಾಗುತ್ತದೆ. ಲೈನು ಹೆದ್ದಾರಿಯನ್ನು ದಾಟಬೇಕಾದರೆ ಒಂದು ಇಲಾಖೆಯ ಒಪ್ಪಿಗೆ, ರೈಲುಹಳಿ ದಾಟಬೇಕಾದರೆ ಇನ್ನೊಂದರದು, ಕಾಡಿನ ಅಂಚಿನಲ್ಲಿ ಹಾಯಬೇಕಾದರೆ ಮತ್ತೊಂದರದು. ಕಂಬ ನಿಲ್ಲಿಸಲು ಒಂದು ವಾರ ಸಾಕು. ಅದಕ್ಕೆ ಜೀವ ಬರಲು ತಿಂಗಳುಗಳಾಗಬಹುದು. ಹೊಸ ಪರದೆ ಹೊದ್ದು, ಬಣ್ಣ ಬಳಿಸಿಕೊಂಡು, ಕರೆಂಟಿಲ್ಲದೆ ನಿಂತಿರುವ ಯಂತ್ರವನ್ನು ಕಂಡಾಗ ನಗುವುದು ಸುಲಭ. ಆದರೆ ಊಟಕ್ಕೆ ಎಲೆ ಹಾಕುವವರೇ ಬೇರೆ, ಬಡಿಸುವವರೇ ಬೇರೆ ಆದ ಪಂಕ್ತಿಯಲ್ಲಿ ಎಲೆಯ ಮುಂದೆ ಕಾಯಬೇಕಾಗಿ ಬರುವುದು ಸಹಜವೇ.

ಇನ್ನು ಹಣದ ಮಾತು. ೬೦ ಕಿಲೋವಾಟಿನ ಯಂತ್ರ ಹಗಲಿರುಳೂ ನಡೆದರೆ ದಿನಕ್ಕೆ ೧,೪೪೦ ಯೂನಿಟ್ ಕೊಡಬಲ್ಲದು. ತಾಲ್ಲೂಕು ಪಟ್ಟಣವೊಂದರ ಹೊರವಲಯದಲ್ಲಿ ಅದನ್ನು ಇಟ್ಟಿರಿ. ದಿನಕ್ಕೆ ನಾಲ್ಕು ಕಾರು ಬಂದು ಮೂವತ್ತು ಮೂವತ್ತು ಯೂನಿಟ್ ತುಂಬಿಸಿಕೊಂಡವು ಎನ್ನೋಣ. ಮಾರಿದ್ದು ೧೨೦ ಯೂನಿಟ್. ಎಂದರೆ ಯಂತ್ರದ ಶಕ್ತಿಯಲ್ಲಿ ಹನ್ನೆರಡನೆಯ ಒಂದು ಪಾಲು. ಆದರೆ ಬಂಡವಾಳದ ಬಡ್ಡಿ, ಜಾಗದ ಬಾಡಿಗೆ, ಮಂಜೂರಾದ ಭಾರಕ್ಕೆ ತಿಂಗಳು ತಿಂಗಳೂ ಕಟ್ಟಬೇಕಾದ ನಿಗದಿ ಶುಲ್ಕ, ಇವು ಹನ್ನೆರಡನೆಯ ಪಾಲಿಗೆ ಇಳಿಯುವುದಿಲ್ಲ. ಆದ್ದರಿಂದ ಯಂತ್ರ ಹಾಕುವವರು, ‘ಮೊದಲು ವಾಹನ ಬರಲಿ’ ಎನ್ನುತ್ತಾರೆ. ವಾಹನ ಕೊಳ್ಳುವವರು, ‘ಮೊದಲು ಯಂತ್ರ ಬರಲಿ’ ಎನ್ನುತ್ತಾರೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು.

ಇದರ ಇನ್ನೊಂದು ಮುಖವನ್ನೂ ನೋಡಿ. ಸಾಮಾನ್ಯ ದಿನ ನಾಲ್ಕೇ ಕಾರು ಬರುವ ಆ ಕೇಂದ್ರಕ್ಕೆ ದಸರಾ ರಜೆಯಲ್ಲಿ ನಲವತ್ತು ಬರುತ್ತವೆ. ಪೆಟ್ರೋಲ್ ಬಂಕಿನಲ್ಲಿ ಮುಂದೆ ಇಬ್ಬರಿದ್ದರೆ ಐದು ಹತ್ತು ನಿಮಿಷದ ಮಾತು. ಇಲ್ಲಿ ಮುಂದೆ ಇಬ್ಬರಿದ್ದರೆ ಒಂದು ಗಂಟೆ. ಕೈಕೂಸು ಇರುವವರಿಗೆ, ವಯಸ್ಸಾದವರಿಗೆ, ಸಂಜೆಯೊಳಗೆ ಊರು ಸೇರಬೇಕಾದವರಿಗೆ ಅದು ಸಣ್ಣ ಸಂಗತಿಯಲ್ಲ. ವರ್ಷದಲ್ಲಿ ಇಪ್ಪತ್ತು ದಿನದ ನೂಕುನುಗ್ಗಲಿಗಾಗಿ ಹತ್ತು ಯಂತ್ರ ಹಾಕಿ, ಉಳಿದ ದಿನ ಸುಮ್ಮನೆ ನಿಲ್ಲಿಸುವಂತೆಯೂ ಇಲ್ಲ.

ವಿದ್ಯುತ್ತು ಗಿರಾಕಿ ಇರುವ ಕಡೆಗೇ ಮೊದಲು ಹರಿಯುವುದು ಹೊಸದೇನಲ್ಲ. ನಮ್ಮ ನಾಡಿನ ಇತಿಹಾಸವೇ ಇದಕ್ಕೆ ಸಾಕ್ಷಿ. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದ ಬಳಿ ವಿದ್ಯುತ್ತು ಹುಟ್ಟಿದಾಗ, ಅದು ಅಕ್ಕಪಕ್ಕದ ಹಳ್ಳಿಗಳ ಗುಡಿಸಲಲ್ಲಿ ದೀಪ ಹಚ್ಚಲಿಲ್ಲ. ಸುಮಾರು ೧೪೭ ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ನೇರವಾಗಿ ಹೋಯಿತು. ಕೊಳ್ಳುವ ಶಕ್ತಿ ಇದ್ದದ್ದು ಅಲ್ಲಿ. ಬೆಂಗಳೂರಿನ ಬೀದಿದೀಪಗಳಿಗೆ ಬಂದದ್ದು ೧೯೦೫ರಲ್ಲಿ. ತಂತಿ ತಲೆಯ ಮೇಲೆಯೇ ಹಾದುಹೋದರೂ ಅನೇಕ ಹಳ್ಳಿಗಳು ಎಷ್ಟೋ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ಕಾಲ ಕಳೆದವು. ಗಣಿಗೆ ಕೊಟ್ಟದ್ದು ತಪ್ಪೆಂದು ಯಾರೂ ಹೇಳುವಂತಿಲ್ಲ. ಆ ಹಣವಿಲ್ಲದಿದ್ದರೆ ಶಿವನಸಮುದ್ರದ ಯೋಜನೆಯೇ ಏಳುತ್ತಿರಲಿಲ್ಲ. ಆದರೆ ಹಳ್ಳಿಗೆ ದೀಪ ಬಂದದ್ದು ಗಿರಾಕಿಯ ಲೆಕ್ಕದಿಂದಲ್ಲ. ಅಲ್ಲಿಗೂ ಬರಬೇಕೆಂದು ಸರ್ಕಾರ ಮತ್ತು ಸಮಾಜ ಗಟ್ಟಿಯಾಗಿ ನಿಶ್ಚಯಿಸಿದ್ದರಿಂದ. ಚಾರ್ಜಿಂಗ್ ಕೇಂದ್ರಗಳ ವಿಷಯದಲ್ಲಿಯೂ ಈ ಎರಡು ಹೆಜ್ಜೆಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕು.

ನಮ್ಮ ನಾಡಿನ ನೆಲವೂ ಒಂದೇ ತೆರನಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು ೩೫೦ ಕಿಲೋಮೀಟರ್. ನಡುವೆ ಶಿರಾಡಿ ಘಟ್ಟ. ಕೆಳಗಿನ ಗುಂಡ್ಯದ ಕಡೆಯಿಂದ ಸಕಲೇಶಪುರಕ್ಕೆ ಬರುವಷ್ಟರಲ್ಲಿ ವಾಹನ ಸುಮಾರು ೮೦೦ ಮೀಟರ್ ಎತ್ತರ ಏರುತ್ತದೆ. ಜನ ಕುಳಿತ ಒಂದು ಸಣ್ಣ ಕಾರಿನ ತೂಕ ೧,೭೦೦ ಕಿಲೋ ಎಂದು ಹಿಡಿದರೆ, ಬರಿಯ ಏರುವುದಕ್ಕೇ ನಾಲ್ಕು ಯೂನಿಟ್ಟಿನಷ್ಟು ಹೆಚ್ಚಾಗಿ ಬೇಕು. ಬಯಲಿನಲ್ಲಿ ಅದು ಇಪ್ಪತ್ತೈದು ಕಿಲೋಮೀಟರಿನ ಬುತ್ತಿ. ಇಳಿಯುವಾಗ ಮೋಟಾರೇ ಬ್ರೇಕಿನ ಕೆಲಸ ಮಾಡಿ ಒಂದು ಭಾಗವನ್ನು ಬ್ಯಾಟರಿಗೆ ಮರಳಿಸುತ್ತದೆ. ಏರುವವರಿಗೆ ಆ ಅನುಕೂಲವಿಲ್ಲ. ಆದ್ದರಿಂದ ೨೫ ಕಿಲೋಮೀಟರಿಗೊಂದು ಎಂಬ ಲೆಕ್ಕ ಬಯಲಿಗೆ ಸರಿಹೋದರೂ, ಘಟ್ಟದ ಬುಡದಲ್ಲೊಂದು, ತಲೆಯಲ್ಲೊಂದು ತಪ್ಪದೆ ಇರಬೇಕೆಂಬುದು ಬೇರೆಯೇ ಲೆಕ್ಕ. ಆಷಾಢದ ಮಳೆಯಲ್ಲಿ ಮಲೆನಾಡಿನ ಲೈನುಗಳ ಮೇಲೆ ಮರ ಬೀಳುತ್ತದೆ. ಕರೆಂಟು ಬರುವುದಕ್ಕೆ ದಿನವಾದರೂ ಆಗಬಹುದು. ಕಲಬುರಗಿ, ರಾಯಚೂರುಗಳ ಕಡೆ ಬೇರೆ ಕಷ್ಟ. ಬೇಸಗೆಯಲ್ಲಿ ೪೦ ಡಿಗ್ರಿ ದಾಟಿದ ಬಿಸಿಲಲ್ಲಿ ಬ್ಯಾಟರಿಯೂ ಯಂತ್ರವೂ ಕಾದು, ತಮ್ಮನ್ನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸುತ್ತವೆ. ಯಂತ್ರದ ಮೇಲೊಂದು ನೆರಳು ಕಟ್ಟುವುದು ಅಲಂಕಾರವಲ್ಲ, ಅವಶ್ಯಕತೆ.

ಇದಲ್ಲದೆ, ಎಲ್ಲ ವಾಹನಗಳಿಗೂ ಒಂದೇ ಬಾಯಿ ಇರಲಿಲ್ಲ. ಪೆಟ್ರೋಲಿನ ಕೊಳವೆ ಯಾವ ಗಾಡಿಗಾದರೂ ಹೊಂದುತ್ತದೆ. ವಿದ್ಯುತ್ ಕಾರುಗಳಲ್ಲಿ ಮೊದಮೊದಲು ಬಗೆಬಗೆಯ ಪ್ಲಗ್ಗುಗಳಿದ್ದು, ಕ್ರಮೇಣ ಸಿ.ಸಿ.ಎಸ್.-೨ ಎಂಬ ಬಗೆ ಹೆಚ್ಚು ರೂಢಿಗೆ ಬಂತು. ಹಳೆಯ ಬಗೆಗೆಂದು ಹಾಕಿದ ಯಂತ್ರಗಳು ಅಲ್ಲಲ್ಲಿ ಗಿರಾಕಿಯಿಲ್ಲದೆ ನಿಂತವು. ಸ್ಕೂಟರುಗಳಲ್ಲಿ ಒಂದೊಂದು ಕಂಪನಿಯದೂ ಒಂದೊಂದು ದಾರಿ. ಹಗುರ ವಾಹನಗಳ ಪ್ಲಗ್ಗಿಗೆ ಭಾರತೀಯ ಮಾನಕ ಬ್ಯೂರೋ ೨೦೨೩ರಲ್ಲಿ ಒಂದು ಮಾನಕವನ್ನು ಅಂಗೀಕರಿಸಿತು. ಹಣ ಕೊಡುವುದರಲ್ಲಿಯೂ ಇದೇ ಗೊಂದಲ. ಒಬ್ಬೊಬ್ಬರ ಯಂತ್ರಕ್ಕೆ ಒಂದೊಂದು ಆ್ಯಪ್, ಮೊದಲೇ ಅದರಲ್ಲಿ ಹಣ ತುಂಬಿಟ್ಟಿರಬೇಕು. ಮೊಬೈಲಿಗೆ ಸಿಗ್ನಲ್ ಇಲ್ಲದ ಘಟ್ಟದ ತಿರುವಿನಲ್ಲಿ ಜೇಬಿನಲ್ಲಿ ದುಡ್ಡಿದ್ದರೂ ಚಾರ್ಜು ಸಿಗದಂಥ ಸ್ಥಿತಿ. ಕಾಫಿ ಕುಡಿದು ಯು.ಪಿ.ಐ. ಮೂಲಕ ಹಣ ಕೊಡುವಷ್ಟೇ ಸುಲಭವಾಗಿ ಇದೂ ಆಗಬೇಕು.

ಇದಕ್ಕಿಂತ ಮುಖ್ಯವಾದದ್ದು ಯಂತ್ರವನ್ನು ನೋಡಿಕೊಳ್ಳುವವರ ಪ್ರಶ್ನೆ. ಪೆಟ್ರೋಲ್ ಬಂಕಿನಲ್ಲಿ ಯಾವಾಗಲೂ ಒಬ್ಬರಿರುತ್ತಾರೆ. ಚಾರ್ಜಿಂಗ್ ಕಂಬದ ಬಳಿ ಹೆಚ್ಚಿನ ಕಡೆ ಯಾರೂ ಇಲ್ಲ. ಕೇಬಲಿನಲ್ಲಿ ತಾಮ್ರವಿರುವುದರಿಂದ ಕತ್ತರಿಸಿಕೊಂಡು ಹೋಗುವವರ ಭಯ. ವೋಲ್ಟೇಜು ಏರಿಳಿದಾಗ ಯಂತ್ರ ತಾನೇ ನಿಂತುಹೋಗುತ್ತದೆ, ಅದನ್ನು ಮತ್ತೆ ಎಬ್ಬಿಸುವವರಿಲ್ಲ. ಚಾರ್ಜಿನ ಜಾಗದಲ್ಲಿ ಪೆಟ್ರೋಲ್ ಕಾರು ನಿಲ್ಲಿಸಿ ಹೋದರೆ ಕೇಳುವವರಿಲ್ಲ. ನೀರಿಲ್ಲದ ಅರವಟ್ಟಿಗೆಗಿಂತ ಅರವಟ್ಟಿಗೆಯೇ ಇಲ್ಲದಿರುವುದು ಎಷ್ಟೋ ವಾಸಿ. ಏಕೆಂದರೆ ಇಲ್ಲವೆಂದು ಗೊತ್ತಿದ್ದರೆ ಪ್ರಯಾಣಿಕ ಮೊದಲೇ ತುಂಬಿಕೊಂಡು ಹೊರಡುತ್ತಾನೆ. ಈ ದೃಷ್ಟಿಯಿಂದ ನೋಡಿದರೆ ನಮ್ಮ ಬಸ್ ನಿಲ್ದಾಣಗಳಿಗಿಂತ ಒಳ್ಳೆಯ ಸ್ಥಳ ಬೇರೊಂದಿಲ್ಲವೆಂದು ತೋರುತ್ತದೆ. ಅಲ್ಲಿ ಜಾಗವಿದೆ, ದೀಪವಿದೆ, ಶೌಚಾಲಯವಿದೆ, ಹೋಟೆಲು ಇದೆ, ಹಗಲಿರುಳೂ ಜನರಿದ್ದಾರೆ. ೨೦೨೩ರಿಂದ ಬೆಂಗಳೂರು–ಮೈಸೂರು ಮುಂತಾದ ಮಾರ್ಗಗಳಲ್ಲಿ ಸಾರಿಗೆ ನಿಗಮದ ವಿದ್ಯುತ್ ಬಸ್ಸುಗಳೂ ಓಡಾಡಿವೆ. ಬಸ್ಸು ವೇಳಾಪಟ್ಟಿಯಂತೆ ಬರುವ ಖಾಯಂ ಗಿರಾಕಿ. ಅದಕ್ಕಾಗಿ ಎಳೆದ ದೊಡ್ಡ ಲೈನಿನಲ್ಲಿ ಊರಿನ ಕಾರು, ಆಟೋಗಳಿಗೂ ಒಂದು ಪಾಲು ಕೊಟ್ಟರೆ ಆ ಹನ್ನೆರಡನೆಯ ಪಾಲಿನ ಸಂಕಟ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಈಗ ಪಟ್ಟಣದ ಒಳಗೆ ಬರೋಣ. ಇಷ್ಟೊಂದು ವಾಹನಗಳಿಗೆ ಕರೆಂಟು ಎಲ್ಲಿಂದ ತರುವುದು ಎಂದು ಕೆಲವರು ಹೆದರುತ್ತಾರೆ. ಒಂದು ಊರಿನಲ್ಲಿ ೫೦೦ ವಿದ್ಯುತ್ ಸ್ಕೂಟರುಗಳಿವೆ, ಒಂದೊಂದೂ ದಿನಕ್ಕೆ ಮೂವತ್ತು ಕಿಲೋಮೀಟರ್ ಓಡುತ್ತದೆ ಎನ್ನೋಣ. ಒಂದೊಂದಕ್ಕೆ ಬೇಕಾದದ್ದು ಸುಮಾರು ಒಂದು ಯೂನಿಟ್. ಒಟ್ಟು ೫೦೦ ಯೂನಿಟ್. ಊರಿನ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬಾರದು. ಆದರೆ ಎಲ್ಲರೂ ಸಂಜೆ ಏಳು ಗಂಟೆಗೆ ಮನೆಗೆ ಬಂದವರೇ ಒಟ್ಟಿಗೆ ಪ್ಲಗ್ಗು ಸಿಕ್ಕಿಸಿದರೆ, ಸ್ಕೂಟರಿಗೆ ೭೦೦ ವಾಟಿನಂತೆ ೩೫೦ ಕಿಲೋವಾಟ್ ಭಾರ ಒಂದೇ ಸಲಕ್ಕೆ ಬೀಳುತ್ತದೆ. ಅದೂ ದೀಪ, ಟೀವಿ, ಅಡುಗೆಮನೆಯ ಒಲೆ ಎಲ್ಲ ನಡೆಯುತ್ತಿರುವ ಹೊತ್ತಿಗೆ. ಅದೇ ೫೦೦ ಯೂನಿಟ್ಟನ್ನು ರಾತ್ರಿಯ ಎಂಟು ಗಂಟೆಗೆ ಹರಡಿದರೆ ಭಾರ ೬೩ ಕಿಲೋವಾಟ್ ಮಾತ್ರ. ಶಕ್ತಿ ಅಷ್ಟೇ, ಊರು ಅದೇ. ಹೊತ್ತು ಬದಲಾದದ್ದರಿಂದ ಟ್ರಾನ್ಸ್‌ಫಾರ್ಮರ್ ಸುಡುವುದೋ ಉಳಿಯುವುದೋ ನಿಶ್ಚಯವಾಗುತ್ತದೆ.

ರಾತ್ರಿಗಿಂತಲೂ ಒಳ್ಳೆಯ ಹೊತ್ತು ಒಂದಿದೆ; ಅದು ನಡುಹಗಲು. ತುಮಕೂರು ಜಿಲ್ಲೆಯ ಪಾವಗಡದ ಬಯಲಿನಲ್ಲಿ ೨,೦೫೦ ಮೆಗಾವಾಟ್ ಶಕ್ತಿಯ ಸೌರ ಘಟಕಗಳಿವೆ. ಬಿಸಿಲಿದ್ದಾಗ ಅಲ್ಲಿ ಹುಟ್ಟುವ ವಿದ್ಯುತ್ತನ್ನು ಆಗಲೇ ಬಳಸಿಕೊಳ್ಳಬೇಕು. ಸಂಜೆಗೆಂದು ಕೂಡಿಡುವುದು ದುಬಾರಿಯ ಕೆಲಸ. ವಾಹನದ ಬ್ಯಾಟರಿ ಎಂದರೆ ಕೂಡಿಡುವ ಪಾತ್ರೆಯೇ ಅಲ್ಲವೆ? ಅದು ಹಗಲು ಹೊತ್ತು ಕಚೇರಿಯ ಮುಂದೆ, ಕಾಲೇಜಿನ ಮುಂದೆ, ಮಾರುಕಟ್ಟೆಯ ಮುಂದೆ ಸುಮ್ಮನೆ ನಿಂತಿರುತ್ತದೆ. ಅಲ್ಲೆಲ್ಲ ಸಾಧಾರಣ ಸಾಕೆಟ್ಟುಗಳನ್ನು ಸಾಲಾಗಿ ಇಟ್ಟರೆ, ಒಂದು ವೇಗದ ಯಂತ್ರದ ಬೆಲೆಯಲ್ಲಿ ಎಷ್ಟೋ ಸ್ಕೂಟರುಗಳ ಹಸಿವು ತೀರುತ್ತದೆ. ಬಿಸಿಲಿನ ವೇಳೆಯ ವಿದ್ಯುತ್ತಿಗೆ ಸಾಧಾರಣ ದರಕ್ಕಿಂತ ಕಡಿಮೆ ದರ ಇರಬೇಕೆಂಬ ತತ್ತ್ವವನ್ನು ಕೇಂದ್ರ ಸರ್ಕಾರ ೨೦೨೩ರ ನಿಯಮಗಳಲ್ಲಿ ತಂದಿತು. ವೇಗದ ಯಂತ್ರ ಹೆದ್ದಾರಿಗೆ, ನಿಧಾನದ ಸಾಕೆಟ್ಟು ಊರಿಗೆ ಎಂಬ ವಿವೇಕವಿದ್ದರೆ ಖರ್ಚಿನಲ್ಲಿ ಎಷ್ಟೋ ಉಳಿತಾಯವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸಿಗೆ ಎಲ್ಲಕ್ಕಿಂತ ದೊಡ್ಡದೆಂದು ತೋರುವ ಪ್ರಶ್ನೆಗೆ ಬರುತ್ತೇನೆ. ಸ್ವಂತ ಮನೆ, ಮನೆಯ ಮುಂದೆ ಪೋರ್ಟಿಕೋ, ಅಲ್ಲೊಂದು ಸಾಕೆಟ್ಟು ಇರುವ ಗೃಹಸ್ಥರಿಗೆ ವಿದ್ಯುತ್ ವಾಹನ ಈಗಲೇ ಲಾಭದ್ದು. ಮನೆಯ ದರದಲ್ಲಿ, ಮನೆಯ ಬಾಗಿಲಲ್ಲಿ, ನಿದ್ದೆಮಾಡುವ ಹೊತ್ತಿನಲ್ಲಿ ಅದು ತುಂಬಿಕೊಳ್ಳುತ್ತದೆ. ವಠಾರದಲ್ಲಿ ಬಾಡಿಗೆಗಿರುವವರ ಮಾತೇನು? ಮೂರನೆಯ ಮಹಡಿಯಲ್ಲಿ ಮನೆ, ಬೀದಿಯಲ್ಲಿ ಸ್ಕೂಟರು. ಮೀಟರು ಮಾಲೀಕರ ಹೆಸರಿನಲ್ಲಿ. ಒಂದು ಸಾಕೆಟ್ಟು ಹಾಕಿಸಿಕೊಡಿ ಎಂದರೆ, ‘ಬೆಂಕಿಗಿಂಕಿ ಹತ್ತಿಕೊಂಡರೆ ಯಾರಪ್ಪಾ ಹೊಣೆ?’ ಎನ್ನುತ್ತಾರೆ ಮಾಲೀಕರು. ಅವರ ಭಯವೂ ಪೂರ್ತಿ ನಿರಾಧಾರವಲ್ಲ. ಹಾಗಾಗಿ ಇವರು ಹಣ ಕೊಟ್ಟು ತುಂಬಿಸುವ ಸಾರ್ವಜನಿಕ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ವಿದ್ಯುತ್ತಿನ ದರದ ಮೇಲೆ ಯಂತ್ರದವರ ಸೇವಾಶುಲ್ಕ. ಅದರ ಮೇಲೆ ತೆರಿಗೆ. ೨೦೨೩ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರವು, ಚಾರ್ಜು ಮಾಡಿಕೊಡುವುದು ಸೇವೆಯಾದ್ದರಿಂದ ನೂರಕ್ಕೆ ೧೮ ಜಿ.ಎಸ್.ಟಿ. ಸಲ್ಲತಕ್ಕದ್ದು ಎಂದು ತೀರ್ಪಿತ್ತಿತು. ಲೈಸೆನ್ಸಿನ ತೊಡಕನ್ನು ಬಿಡಿಸಿದ ‘ಸೇವೆ’ ಎಂಬ ಅದೇ ಮಾತು ಇಲ್ಲಿ ತೆರಿಗೆಗೆ ಬಾಗಿಲು ತೆರೆಯಿತು. ಮನೆಯಲ್ಲಿ ತುಂಬಿಸಿಕೊಳ್ಳುವವರಿಗೆ ಈ ತೆರಿಗೆಯಿಲ್ಲ.

ಪರಿಣಾಮವನ್ನು ಯೋಚಿಸಿ ನೋಡಿ. ದಿನಕ್ಕೆ ಹತ್ತು ಕಿಲೋಮೀಟರ್ ಓಡುವ ಉಳ್ಳವರ ಗಾಡಿಗೆ ಅಗ್ಗದ ವಿದ್ಯುತ್ತು. ದಿನಕ್ಕೆ ನೂರು ಕಿಲೋಮೀಟರ್ ಓಡಿ ಹೊಟ್ಟೆ ಹೊರೆಯುವ ಆಟೋದವರಿಗೆ, ಊಟ ತಲುಪಿಸುವ ಹುಡುಗರಿಗೆ ದುಬಾರಿಯ ವಿದ್ಯುತ್ತು. ಮೇಲೆ ಕಾಯುವ ಹೊತ್ತಿನ ನಷ್ಟ ಬೇರೆ. ಯಾರಿಗೆ ಪೆಟ್ರೋಲಿನ ಉಳಿತಾಯ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಕ್ಕಿದಂತಾಯಿತು. ಬರಿದಾದ ಬ್ಯಾಟರಿಯನ್ನು ಕೊಟ್ಟು ತುಂಬಿದ್ದನ್ನು ಎರಡು ನಿಮಿಷದಲ್ಲಿ ಬದಲಾಯಿಸಿಕೊಳ್ಳುವ ಕೇಂದ್ರಗಳು ಬೆಂಗಳೂರಿನಂಥ ಕಡೆ ಇವರ ಕಷ್ಟವನ್ನು ಸ್ವಲ್ಪ ಹಗುರಮಾಡಿವೆ. ಆದರೆ ತಾಲ್ಲೂಕು ಪಟ್ಟಣದ ಆಟೋ ನಿಲ್ದಾಣಕ್ಕೆ ಅಂಥದೂ ಬೇಕು. ಪುರಸಭೆಯ ಜಾಗದಲ್ಲಿ ಸಾಕೆಟ್ಟಿನ ಸಾಲೂ ಬೇಕು.

ಸರ್ಕಾರ, ವಿದ್ಯುತ್ ಕಂಪನಿಗಳು ಮಾಡಬೇಕಾದದ್ದು ಬೇಕಾದಷ್ಟಿದೆ. ಸಂಸಾರವಂದಿಗರಾದ ನಾವೂ ಮಾಡಬಹುದಾದ ಕೆಲವು ಕೆಲಸಗಳಿವೆ. ಕಿಟಕಿಯಿಂದ ಬೀದಿಗೆ ವೈರು ಇಳಿಬಿಟ್ಟು ಚಾರ್ಜು ಮಾಡುವ ಅಭ್ಯಾಸವನ್ನು ಇಂದೇ ಬಿಡಬೇಕು. ಮಳೆಯಲ್ಲಿ ನೆನೆದ ಜೋಡಣೆ ದಾರಿಹೋಕ ಮಗುವಿನ ಪ್ರಾಣಕ್ಕೆ ಬರಬಹುದು. ಹಳೆಯ ಮನೆಯಾದರೆ ಲೈಸೆನ್ಸ್ ಉಳ್ಳ ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ, ವಾಹನಕ್ಕೆಂದೇ ಬೇರೆ ವೈರು, ಬೇರೆ ಎಂ.ಸಿ.ಬಿ. ಹಾಕಿಸಿಕೊಳ್ಳುವುದು ಕ್ಷೇಮ. ಮನೆಯ ಮಂಜೂರಾದ ಭಾರ ಸಾಲದಿದ್ದರೆ ಅರ್ಜಿ ಕೊಟ್ಟು ಹೆಚ್ಚಿಸಿಕೊಳ್ಳಬೇಕು; ಗುಟ್ಟಾಗಿ ಎಳೆದುಕೊಂಡ ಭಾರ ಬೀದಿಯವರೆಲ್ಲರ ಟ್ರಾನ್ಸ್‌ಫಾರ್ಮರಿನ ಮೇಲೆ ಕೂರುತ್ತದೆ. ಸಂಜೆ ಆರರಿಂದ ಹತ್ತರವರೆಗೆ ಬಿಟ್ಟು ಆಮೇಲೆ ಸಿಕ್ಕಿಸುವುದಕ್ಕೆ ಕಾಸಿನ ಖರ್ಚೂ ಇಲ್ಲ.

ಹೊಸ ಕಟ್ಟಡಗಳಲ್ಲಿ ನಿಲುಗಡೆಯ ಐದರಲ್ಲಿ ಒಂದು ಪಾಲಿಗೆ ಚಾರ್ಜಿನ ಅನುಕೂಲ ಇರಬೇಕೆಂದು ಕೇಂ‌ದ್ರದ ಮಾದರಿ ಉಪವಿಧಿಗಳಲ್ಲಿ ೨೦೧೯ರಲ್ಲಿ ಸೇರಿಸಲಾಯಿತು. ಹಳೆಯ ಕಟ್ಟಡಗಳ ನಿವಾಸಿಗಳ ಸಂಘಗಳು ಅಂಥದನ್ನು ತಾವೇ ನಿರ್ಣಯಿಸಿಕೊಳ್ಳಬಹುದು. ಮನೆ ಬಾಡಿಗೆಗೆ ಕೊಟ್ಟವರು ಒಂದು ಸಾಕೆಟ್ಟನ್ನು ಸಬ್‌ಮೀಟರಿನೊಡನೆ ಹಾಕಿಸಿಕೊಟ್ಟರೆ, ಬಾವಿಯ ನೀರನ್ನು ಬಾಡಿಗೆದಾರರೊಡನೆ ಹಂಚಿಕೊಂಡ ಹಿಂದಿನವರ ಔದಾರ್ಯಕ್ಕೆ ಅದು ಕಡಿಮೆಯಲ್ಲ. ಮೇಲಾಗಿ ಮೀಟರು ಓಡಿದಷ್ಟಕ್ಕೆ ಹಣವೂ ಬರುತ್ತದೆ.

ಒಂದು ನಾಡಿನ ದಾರಿ ಎಷ್ಟು ಒಳ್ಳೆಯದೆಂಬುದನ್ನು ಹಿಂದೆ ಅರಮನೆಯ ಮುಂದಿನ ಬೀದಿಯಿಂದ ಅಳೆಯುತ್ತಿರಲಿಲ್ಲ. ದೂರದ ದಾರಿಯಲ್ಲಿ ಒಂಟಿಯಾಗಿ ನಡೆಯುವವನಿಗೆ ನೀರು ಸಿಕ್ಕೀತೇ ಎಂಬುದರಿಂದ ಅಳೆಯುತ್ತಿದ್ದರು. ಚಾರ್ಜಿಂಗ್ ಕೇಂದ್ರಗಳ ಸಂಖ್ಯೆ ಐದು ಸಾವಿರವೋ ಐವತ್ತು ಸಾವಿರವೋ ಎಂಬುದು ಸಣ್ಣ ಮಾತು. ಹೊಸದುರ್ಗದ ಬಾಡಿಗೆ ಮನೆಯಲ್ಲಿರುವ ಆಟೋ ಚಾಲಕ ನಾಳೆಯ ದುಡಿಮೆಯ ಬಗ್ಗೆ ಚಿಂತೆಯಿಲ್ಲದೆ ಮಲಗಬಲ್ಲನೇ, ಮಳೆಗಾಲದ ಸಂಜೆ ಘಟ್ಟ ಏರಿ ಬಂದ ಸಂಸಾರಕ್ಕೆ ಸಕಲೇಶಪುರದಲ್ಲಿ ಕೆಲಸಮಾಡುವ ಯಂತ್ರವೊಂದು ನಿಶ್ಚಯವಾಗಿ ಸಿಕ್ಕೀತೇ ಎಂಬುದೇ ದೊಡ್ಡ ಮಾತು. ಈ ಎರಡಕ್ಕೂ ಹೌದು ಎನ್ನುವಂತಾದ ದಿನ, ವಿದ್ಯುತ್ ವಾಹನ ನಮ್ಮ ನಾಡಿನ ಎಲ್ಲರ ವಾಹನವಾಯಿತು ಎಂದು ಧೈರ್ಯವಾಗಿ ಹೇಳಬಹುದು.